ಸೊಳ್ಳೆಗೂ ಒಂದು ಲಾಗಿನ್ ಕೊಟ್ಟುಬಿಡಿ

2027ರ ಹೊತ್ತಿಗೆ ದೇಶದೊಳಗೇ ಹರಡುವ ಮಲೇರಿಯಾ ಸೊನ್ನೆಗೆ ಇಳಿಯಬೇಕು, 2030ಕ್ಕೆ ಭಾರತ ಮಲೇರಿಯಾ ಮುಕ್ತ ಆಗಬೇಕು. ಸರ್ಕಾರದ ಗುರಿ ಇದು. ಒಳ್ಳೆಯ ಗುರಿಯೇ. ಶ್ರೀಲಂಕಾ 2016ರಲ್ಲೇ ಮಾಡಿ ತೋರಿಸಿತು, ಚೀನಾ 2021ರಲ್ಲಿ. ನಾವೂ ಮುಟ್ಟುತ್ತೇವೆ ಬಿಡಿ, ಸೊನ್ನೆಗೆ ನಮ್ಮಲ್ಲಿ ಯಾವತ್ತೂ ಕೊರತೆ ಬಂದಿಲ್ಲ.

ಹಳೇ ಕಾಲದ ಒಂದು ಲೆಕ್ಕ ಇದೆ. ವರ್ಷಕ್ಕೆ ಜನಸಂಖ್ಯೆಯ ಶೇ 10ರಷ್ಟು ಮಂದಿಯ ರಕ್ತ ಪರೀಕ್ಷೆ ಆಗಬೇಕು. ಜ್ವರ ಬಂದವರ ರಕ್ತ ಅಂತ ಅದರ ಅರ್ಥ. ಆದರೆ ಡಿಸೆಂಬರ್ ಬಂದರೂ ಟಾರ್ಗೆಟ್ ಮುಟ್ಟದಿದ್ದರೆ ಪಾಪ, ಆರೋಗ್ಯ ಸಿಬ್ಬಂದಿ ಜ್ವರವನ್ನು ಎಲ್ಲಿಂದ ತರಬೇಕು? ಕಬಡ್ಡಿ ಆಡುತ್ತಿರುವ ಹುಡುಗರನ್ನು ಕರೆದು ಬೆರಳು ಚುಚ್ಚಬೇಕು, ಅಷ್ಟೇ. ಎಲ್ಲಾ ಸ್ಲೈಡೂ ನೆಗೆಟಿವ್. ಟಾರ್ಗೆಟ್ಟೂ ಮುಟ್ಟಿತು, ಮಲೇರಿಯಾನೂ ಇಳಿಯಿತು.

ಅಕಸ್ಮಾತ್ ಪಾಸಿಟಿವ್ ಬಂದರೆ? ಅದಕ್ಕೂ ಕಾಲಂ ಇದೆ. ಸೋಂಕು ಇಲ್ಲಿಯದಾ, ಹೊರಗಿನಿಂದ ಬಂದದ್ದಾ? ಸೊನ್ನೆ ಆಗಬೇಕಿರುವುದು ಇಲ್ಲಿಯದು ಮಾತ್ರ, ನೆನಪಿಡಿ. ಹಾಗಾಗಿ ಮಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿರುವ ಒಡಿಶಾದ ಹುಡುಗನಿಗೆ ಚಳಿಜ್ವರ ಬಂತು ಅಂದರೆ, ರೋಗಾಣು ಅವನ ಜೊತೆ ಅದೇ ರೈಲಿನಲ್ಲಿ ಬಂತು ಅಂತ ಬರೆದು ಕೈ ತೊಳೆದುಕೊಳ್ಳುವುದು ಎಷ್ಟು ಸಲೀಸು ಅಲ್ವಾ! ಅವನು ಊರು ಬಿಟ್ಟು ಎಂಟು ತಿಂಗಳಾಗಿರಬಹುದು. ಅದೇ ಕಟ್ಟಡದ ಲಿಫ್ಟ್ ಗುಂಡಿಯಲ್ಲಿ ನೀರು ನಿಂತು, ಅನಾಫಿಲಿಸ್ ಸ್ಟೀಫನ್ಸಿ ಅನ್ನುವ ನಗರವಾಸಿ ಸೊಳ್ಳೆ ಅಲ್ಲಿ ಗೃಹಪ್ರವೇಶ, ನಾಮಕರಣ ಎಲ್ಲಾ ಮುಗಿಸಿರಬಹುದು. ಅದನ್ನು ಬರೆಯಲು ಹೋದರೆ ಬಿಲ್ಡರ್ ಹೆಸರನ್ನೂ ಬರೆಯಬೇಕಾಗುತ್ತದೆ. ಸುಮ್ನೆ ಯಾಕೆ?

ಚೀನಾದವರದು 1-3-7 ಅಂತ ಒಂದು ಪದ್ಧತಿ. ಒಂದು ದಿನದೊಳಗೆ ವರದಿ, ಮೂರು ದಿನದೊಳಗೆ ತನಿಖೆ, ಏಳು ದಿನದೊಳಗೆ ಆ ಜಾಗದಲ್ಲೇ ಕ್ರಮ. ನಮಗೆ ಅದರಲ್ಲಿ ಮೊದಲನೆಯದು ತುಂಬ ಹಿಡಿಸಿತು. 2021ರಿಂದ ಐಎಚ್‌ಐಪಿ ಅನ್ನುವ, ರೋಗಗಳ ವರದಿ ತುಂಬುವ ಕೇಂದ್ರದ ಪೋರ್ಟಲ್ ಇದೆ. ಕ್ಷೇತ್ರ ಸಿಬ್ಬಂದಿಗೆ ಎಸ್ ಫಾರಂ, ಡಾಕ್ಟರಿಗೆ ಪಿ ಫಾರಂ, ಲ್ಯಾಬಿಗೆ ಎಲ್ ಫಾರಂ. ಒಬ್ಬನ ಜ್ವರ ಬೀದಿ ದಾಟುವ ಮೊದಲೇ ದಿಲ್ಲಿಯ ಪರದೆಯಲ್ಲಿ ಚುಕ್ಕಿ ಮೂಡಬಹುದು. ಆ ಚುಕ್ಕಿ ನೋಡಿ ವಾಪಸ್ ಬೀದಿಗೆ ಬಂದು, ತೊಟ್ಟಿಯ ನೀರು ಚೆಲ್ಲುವವರು ಯಾರು ಅನ್ನುವುದಕ್ಕೆ ಮಾತ್ರ ಇನ್ನೂ ಫಾರಂ ಬಂದಿಲ್ಲ. ಮೊಟ್ಟೆಯಿಂದ ಸೊಳ್ಳೆ ಆಗಲು ಹೆಚ್ಚುಕಮ್ಮಿ ಹತ್ತು ದಿನ ಸಾಕು. ಕಡತ ಒಂದು ಮೇಜಿನಿಂದ ಪಕ್ಕದ ಮೇಜಿಗೆ ಹೋಗಲು ಸಾಲದು.

ಇನ್ನು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಧರಣಿ ಕೂತಿದ್ದರು. ಮಾಡಿದ ಕೆಲಸ ಪೋರ್ಟಲ್‌ಗೆ ಸರಿಯಾಗಿ ಏರದಿದ್ದರೆ ಪ್ರೋತ್ಸಾಹಧನ ಕೈಗೆ ಸಿಗುವುದಿಲ್ಲ ಅನ್ನುವುದೂ ಅವರ ದೂರುಗಳಲ್ಲಿ ಒಂದು. ಅಂದರೆ ಮನೆಮನೆ ಸುತ್ತಿದ್ದು ಕೆಲಸ ಅಲ್ಲ. ಸುತ್ತಿದ್ದು ಪರದೆಯಲ್ಲಿ ಕಂಡರೆ ಕೆಲಸ.

ಅದಕ್ಕೇ ನನ್ನದೊಂದು ಸಲಹೆ. ಸೊಳ್ಳೆಗೂ ಒಂದು ಲಾಗಿನ್ ಕೊಡಿ. ಕಚ್ಚುವ ಮೊದಲು ಒಟಿಪಿ ಹಾಕಿ ಸ್ವಂತ ಊರು ನಮೂದಿಸಲಿ. ‘ಹೊರರಾಜ್ಯ’ ಅಂತ ಒತ್ತಿದವಕ್ಕೆ ಮಾತ್ರ ಅನುಮತಿ. 2027ರವರೆಗೆ ಕಾಯುವುದೇ ಬೇಡ, ಮುಂದಿನ ಪರಿಶೀಲನಾ ಸಭೆಗೇ ಸೊನ್ನೆ ರೆಡಿ.