ಚಿಕ್ಕಪ್ಪ ಸ್ಲೇಟಲ್ಲಿ ಬರೆದು ಕೇಳಿದ ಪ್ರಶ್ನೆ

ನಮ್ಮ ಚಿಕ್ಕಪ್ಪಂಗೆ ಕೆನ್ನೆ ಒಳಗೆ ಕ್ಯಾನ್ಸರ್ ಅಂತ ಗೊತ್ತಾದಾಗ ಕೊಡಗಿನ ಮಾದಾಪುರದ ಮನೆಗೆ ನೋಡೋಕೆ ಬಂದವರೆಲ್ಲ ಹೇಳ್ತಿದ್ದಿದ್ದು ಒಂದೇ ಮಾತು, ಟೆನ್ಷನ್ ಮಾಡ್ಕೋಬೇಡಿ, ಮಾಡ್ಕೊಂಡ್ರೆ ಗಡ್ಡೆ ಬೆಳೆಯುತ್ತೆ ಅಂತ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ಅರ್ಧ ಕಾಫಿ ತೋಟ ಕಳ್ಕೊಂಡ ಮನುಷ್ಯ ಅವ್ರು, ಆಮೇಲೆ ಮಳೆ ಜೋರಾದ್ರೆ ಸಾಕು ರಾತ್ರಿಯೆಲ್ಲ ಟಾರ್ಚ್ ಹಿಡ್ಕೊಂಡು ಜಗಲೀಲಿ ಕೂರ್ತಿದ್ರು, ಅಂಥವರಿಗೆ ಟೆನ್ಷನ್ ಬಿಡಿ ಅಂದ್ರೆ ಬಿಡೋದು ಹೇಗೆ? ಆಪರೇಷನ್ ಆಗಿ ಮಾತು ನಿಂತ ಮೇಲೆ ಸ್ಲೇಟಲ್ಲಿ ಬರೆದು ನನ್ನ ಕೇಳಿದ್ರು, "ನಾನೇ ಚಿಂತೆ ಮಾಡಿ ಜಾಸ್ತಿ ಮಾಡ್ಕೊಂಡ್ನಾ?"

ಕಾಯಿಲೆ ತಂದಿದ್ದು ಹೊಗೆಸೊಪ್ಪು, ಅಡಿಕೆ. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಪ್ರಶ್ನೆ ನನ್ನ ಬಿಡ್ಲಿಲ್ಲ, ಅವ್ರು ಹೋದ ಮೇಲೆ ಓದ್ತಾ ಹೋದೆ.

ಗಾಬರಿ ಆದಾಗ ಎದೆ ಡವಡವ ಅನ್ನಿಸೋ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಜೀವಕೋಶದ ಮೇಲೆ ಬಂದು ಕೂರೋ ಜಾಗಗಳಿಗೆ ರಿಸೆಪ್ಟರ್ ಅಂತಾರೆ, ಅವುಗಳಲ್ಲಿ ಬೀಟಾ ರಿಸೆಪ್ಟರ್ ಒಂದು. 2020ರಲ್ಲಿ ನೇಚರ್ ಪತ್ರಿಕೇಲಿ ಬಂದ ಅಧ್ಯಯನದ ಪ್ರಕಾರ ಬಾಯಿ ಕ್ಯಾನ್ಸರ್ ಜೀವಕೋಶದಲ್ಲಿ ಪಿ53 ಅನ್ನೋ, ಕೋಶ ಅಡ್ಡಾದಿಡ್ಡಿ ಬೆಳೆಯದಂತೆ ಕಾಯೋ ಜೀನ್ ಕೆಟ್ಟಾಗ ಆ ಗಡ್ಡೆ ಹತ್ರದ ನರಗಳನ್ನೇ ಬದಲಾಯಿಸಿ ನಾರ್‌ಅಡ್ರಿನಲಿನ್ ಬಿಡೋ ಥರ ಮಾಡ್ಕೊಳುತ್ತೆ, ಇಲಿಗಳಲ್ಲಿ ನಾರ್‌ಅಡ್ರಿನಲಿನ್ ಕೂರೋ ರಿಸೆಪ್ಟರ್ ತಡೆಯೋ ಔಷಧಿ ಕೊಟ್ರೆ ಗಡ್ಡೆ ಬೆಳೆಯೋದು ಕಮ್ಮಿ ಆಯ್ತು. ಅಂದ್ರೆ ಗಡ್ಡೆ ತನಗೆ ಬೇಕಾದ್ದನ್ನ ತಾನೇ ಹೊಂದಿಸ್ಕೊಳ್ಳಬಲ್ಲದು, ಅದಕ್ಕೆ ರೋಗಿ ಚಿಂತೆ ಮಾಡ್ಲೇಬೇಕು ಅಂತಿಲ್ಲ. ಇದನ್ನ ಚಿಕ್ಕಪ್ಪಂಗೆ ಹೇಳೋಕಾಗಿದ್ರೆ ಅನ್ಸುತ್ತೆ.

ಇನ್ನೊಂದು ಕಡೆ ಟಾರ್ಗೆಟೆಡ್ ಥೆರಪಿ, ಅಂದ್ರೆ ಕ್ಯಾನ್ಸರ್ ಬೆಳೆಯೋಕೆ ಬಳಸೋ ಒಂದು ದಾರಿನೇ ಗುರಿ ಇಟ್ಟು ಮುಚ್ಚೋ ಚಿಕಿತ್ಸೆ. ತಲೆ ಕುತ್ತಿಗೆ ಕ್ಯಾನ್ಸರ್‌ನಲ್ಲಿ, ಕೋಶಕ್ಕೆ ಬೆಳೆ ಅಂತ ಹೇಳೋ ಇಜಿಎಫ್‌ಆರ್ ಅನ್ನೋ ರಿಸೆಪ್ಟರ್ ಮುಚ್ಚೋ ಸೆಟುಕ್ಸಿಮ್ಯಾಬ್ ಔಷಧಿನ ರೇಡಿಯೇಷನ್ ಜೊತೆ ಕೊಟ್ಟಾಗ ಬದುಕಿದ ಅವಧಿಯ ಮೀಡಿಯನ್ (ಅರ್ಧ ಜನ ಬದುಕಿದ್ದ ಅವಧಿ) 29.3 ತಿಂಗಳಿಂದ 49ಕ್ಕೆ ಏರಿತ್ತು, ಅದು 2006ರ ಟ್ರಯಲ್, ಅಂದ್ರೆ ರೋಗಿಗಳ ಮೇಲೆ ನಡೆಸಿದ ಔಷಧಿ ಪರೀಕ್ಷೆ. ಆದ್ರೆ ಇಂಥ ಔಷಧಿ ಎಷ್ಟೋ ಜನಕ್ಕೆ ಸ್ವಲ್ಪ ದಿನ ಆದ್ಮೇಲೆ ಕೆಲಸ ಮಾಡಲ್ಲ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಬೀಟಾ ರಿಸೆಪ್ಟರ್ ಚುರುಕಾದ್ರೆ ಉರಿಯೂತದ ಸಂದೇಶ ಒಯ್ಯೋ ಐಎಲ್-6 ಅನ್ನೋ ಪ್ರೊಟೀನ್ ಹೆಚ್ಚಿ ಇಜಿಎಫ್‌ಆರ್ ಔಷಧಿ ಸೋಲುತ್ತೆ ಅಂತ 2017ರಲ್ಲೇ ತೋರಿಸಿದಾರೆ. ಹಾಗಿದ್ರೆ ತಲೆ ಕುತ್ತಿಗೆ ಕ್ಯಾನ್ಸರ್‌ನಲ್ಲಿ ಬೀಟಾ, ಇಜಿಎಫ್‌ಆರ್ ಎರಡೂ ಬಾಗಿಲು ಒಟ್ಟಿಗೆ ಮುಚ್ಚಿ ನೋಡ್ಬೇಕಲ್ವಾ? ಬೀಟಾ ರಿಸೆಪ್ಟರ್ ತಡೆಯೋ ಪ್ರೊಪ್ರನಲಾಲ್ 1960ರ ದಶಕದ ಮಾತ್ರೆ, ಕೈ ನಡುಕಕ್ಕೆ, ಮೈಗ್ರೇನ್‌ಗೆ ಈಗ್ಲೂ ಬರ್ಕೊಡ್ತಾರೆ, ರೇಟು ಬಹಳ ಕಮ್ಮಿ. ಪೇಟೆಂಟ್ ಮುಗಿದ ಮಾತ್ರೆ ಮೇಲೆ ಕಂಪನಿಗಳು ಕೋಟಿಗಟ್ಟಲೆ ದುಡ್ಡು ಹಾಕಲ್ಲ, ಸರ್ಕಾರನೇ ಹಾಕ್ಬೇಕು.

ನಮ್ಮಲ್ಲಿ ಆಗಲ್ಲ ಅನ್ನಬೇಡಿ. ಮುಂಬೈನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವ್ರು ಮುಂದುವರಿದ ತಲೆ ಕುತ್ತಿಗೆ ಕ್ಯಾನ್ಸರ್‌ಗೆ ಕೀಮೋ ಔಷಧಿ ಮೆಥೊಟ್ರೆಕ್ಸೇಟ್, ನೋವಿನ ಮಾತ್ರೆ ಸೆಲೆಕಾಕ್ಸಿಬ್, ಇಜಿಎಫ್‌ಆರ್ ತಡೆಯೋ ಎರ್ಲೋಟಿನಿಬ್, ಈ ಮೂರರ ಜೊತೆ ಮೈಯ ರೋಗನಿರೋಧಕ ಶಕ್ತಿನ ಕ್ಯಾನ್ಸರ್ ಮೇಲೆ ಎಬ್ಬಿಸೋ ದುಬಾರಿ ಔಷಧಿ ನಿವೊಲುಮ್ಯಾಬ್‌ನ ಬರೀ 20 ಮಿಲಿಗ್ರಾಂ ಸೇರಿಸಿ ನೋಡಿದ್ರು, ಒಂದು ವರ್ಷ ಬದುಕುಳಿದವರು 16.3% ಇಂದ 43.4% ಆದ್ರು. ನಮ್ಮ ತೋಟದ ಲೈನ್ ಮನೆ ಕೂಲಿ ಜನಕ್ಕೆ, ಸಣ್ಣ ಬೆಳೆಗಾರರಿಗೆ ಬೇಕಾಗಿರೋದು ಇಂಥ ಟ್ರಯಲ್ಲು. ಹಳೇ ಮಾತ್ರೆಗೂ ಅಂಥದ್ದೊಂದು ಆಗ್ಲಿ, ಮೈಸೂರು ಬೆಂಗಳೂರಿಗೆ ಬಸ್ಸಲ್ಲಿ ಓಡಾಡೋ ನಮ್ಮವರೂ ಅದ್ರಲ್ಲಿ ಸೇರ್ಲಿ.

ಒಂದು ಮಾತು, ಕೈ ಮುಗಿದು ಹೇಳ್ತೀನಿ, ಇದನ್ನ ಓದಿ ಯಾರೂ ಮೆಡಿಕಲ್ ಶಾಪಿಂದ ಪ್ರೊಪ್ರನಲಾಲ್ ತಂದು ಮನೇಲಿ ನುಂಗಿಸಬೇಡಿ. ಆಸ್ತಮಾ ಇದ್ರೆ ಉಸಿರೇ ಕಟ್ಟಬಹುದು, ನಾಡಿ ತೀರಾ ಇಳಿಯಬಹುದು, ಶುಗರ್ ಕಮ್ಮಿ ಆಗಿದ್ದು ಗೊತ್ತೇ ಆಗದಿರಬಹುದು, ಮೊದಲೇ ತಗೊಳ್ತಿರೋರು ದಿಢೀರ್ ನಿಲ್ಲಿಸಿದ್ರೂ ಅಪಾಯ. ಕ್ಯಾನ್ಸರ್ ಡಾಕ್ಟರ್ ಹತ್ರ ಹೋದಾಗ ಈಗಾಗ್ಲೇ ತಗೊಳ್ತಿರೋ ಬಿಪಿ ಮಾತ್ರೆ ಚೀಟಿನೂ ತೋರಿಸಿ, ಯಾವ್ದಾದ್ರೂ ಟ್ರಯಲ್ ಇದ್ಯಾ ಅಂತ ಬಾಯಿ ಬಿಟ್ಟು ಕೇಳಿ. ನಾವು ಕೇಳಿರ್ಲಿಲ್ಲ.