ಶಾಲು ಹೊದೆಸಿ, ಗ್ರಾಚ್ಯುಟಿಯನ್ನೂ ಕೊಡಿ

ನಮ್ಮ ಉಡುಪಿ, ಮಂಗಳೂರು ಕಡೆ ಶಾಲೆಯ ಬೀಳ್ಕೊಡುಗೆ ಅಂದ್ರೆ ಅದ್ದೂರಿ. ವೇದಿಕೆ ಮೇಲೆ ಕೂರಿಸಿ ಶಾಲು, ಹಾರ, ಹಣ್ಣಿನ ಬುಟ್ಟಿ, ಹೆಸರು ಕೆತ್ತಿಸಿದ ಸ್ಮರಣಿಕೆ. ಹಳೇ ವಿದ್ಯಾರ್ಥಿಗಳು ದೂರದಿಂದ ಬಂದು ಕಾಲಿಗೆ ಬೀಳುತ್ತಾರೆ. "ಇವರ ಋಣ ತೀರಿಸಲು ನಮ್ಮಿಂದ ಆಗದು" ಅಂತ ಆಡಳಿತ ಮಂಡಳಿಯವರು ಮೈಕಿನಲ್ಲಿ ಹೇಳುತ್ತಾರೆ. ಆದರೆ ಆ ಋಣದಲ್ಲಿ ಒಂದು ಭಾಗಕ್ಕೆ ಕಾನೂನೇ ಲೆಕ್ಕ ಹಾಕಿಟ್ಟಿದೆ. ಅದನ್ನು ತೀರಿಸಲೇಬೇಕು. ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಂಸ್ಥೆ ಕೊಡಬೇಕಾದ ಹಣ, ಅದೇ ಗ್ರಾಚ್ಯುಟಿ.

ನಮ್ಮ ಪಕ್ಕದ ಮನೆಯ ಟೀಚರ್ ಒಬ್ಬರು ಖಾಸಗಿ ಶಾಲೆಯೊಂದರಲ್ಲಿ 24 ವರ್ಷ ಪಾಠ ಮಾಡಿ ನಿವೃತ್ತರಾದರು. ಅನುದಾನ ಇಲ್ಲದ ಶಾಲೆ, ಸರ್ಕಾರಿ ಪೆನ್ಶನ್ ಪ್ರಶ್ನೆಯೇ ಇಲ್ಲ. "ಟೀಚರ್, ಗ್ರಾಚ್ಯುಟಿ ಎಷ್ಟು ಬಂತು?" ಅಂತ ಕೇಳಿದೆ. "ಅದೆಲ್ಲ ಬ್ಯಾಂಕಿನವರಿಗೆ ಅಲ್ವಾ ಮಾರಾಯ್ರೆ, ನಮಗೆಲ್ಲಿ?" ಅಂದರು. ನನಗೆ ಹೊಟ್ಟೆ ಉರಿದುಹೋಯಿತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್‌ಗಳೆಲ್ಲ ಹುಟ್ಟಿದ್ದು ನಮ್ಮ ಈ ಎರಡು ಊರುಗಳಲ್ಲೇ. ಇಲ್ಲಿ ಮನೆಗೊಬ್ಬರು ಬ್ಯಾಂಕ್ ನೌಕರರು ಅಂತ ಹೇಳುವಷ್ಟು ಜನ ಇದ್ದಾರೆ. ರಿಟೈರ್ ಆದಾಗ ಬಂದ ಗ್ರಾಚ್ಯುಟಿಯಲ್ಲಿ ಮನೆ ಕಟ್ಟಿದವರು, ಮಗಳ ಮದುವೆ ಮಾಡಿದವರು ಎಷ್ಟೋ ಮಂದಿ. ಅದೇ ಓಣಿಯ ಟೀಚರ್‌ಗೆ ಮಾತ್ರ ತನಗೂ ಅದು ಇದೆ ಅಂತ ಗೊತ್ತಿಲ್ಲ. ಯಾರೂ ಹೇಳಿಲ್ಲ.

ಈ ಗೊಂದಲಕ್ಕೆ ಒಂದು ಕಾರಣ ಇದೆ. ಗ್ರಾಚ್ಯುಟಿ ಕಾಯ್ದೆ 1972ರದ್ದು. 1997ರ ಏಪ್ರಿಲ್ 3ರ ಅಧಿಸೂಚನೆಯಲ್ಲಿ ಹತ್ತು ಅಥವಾ ಹೆಚ್ಚು ಜನ ಇರುವ ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಆದರೆ ಕಾಯ್ದೆಯಲ್ಲಿ 'ನೌಕರ' ಅಂದ್ರೆ ಯಾರು ಅಂತ ಹೇಳಿದ ಮಾತಿನೊಳಗೆ ಶಿಕ್ಷಕರು ಬರುವುದಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂದರೆ ಶಾಲೆಯ ಗುಮಾಸ್ತರಿಗೆ ಉಂಟು, ಪಾಠ ಮಾಡುವವರಿಗೆ ಇಲ್ಲ! ಸಂಸತ್ತು 2009ರಲ್ಲಿ ಶಿಕ್ಷಕರೂ ಸೇರುವಂತೆ ಕಾಯ್ದೆಗೆ ತಿದ್ದುಪಡಿ ತಂದು, 1997ರ ಆ ದಿನದಿಂದಲೇ ಅನ್ವಯ ಆಗುವಂತೆ ಮಾಡಿತು. ಖಾಸಗಿ ಶಾಲೆಗಳ ಸಂಘಟನೆಗಳು ಅದನ್ನೂ ಪ್ರಶ್ನಿಸಿದವು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಬಾಕಿಯನ್ನು ಬಡ್ಡಿ ಸಮೇತ ಕೊಡಿ ಅಂದಿತು. ಅಲ್ಲಿಗೆ ವಾದ ಮುಗಿಯಿತು. ಈಗಲೂ "ಶಿಕ್ಷಕರಿಗೆ ಇಲ್ಲ" ಅನ್ನುವ ಆಫೀಸಿನವರಿಗೆ ಈ ಇಸವಿಗಳನ್ನು ಹೇಳಿ.

ಲೆಕ್ಕ ಕಷ್ಟದ್ದೇನಲ್ಲ. ಕೊನೆಯ ತಿಂಗಳ ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ. ಅದು ಒಂದು ವರ್ಷದ್ದು. ಬೇಸಿಕ್ ಮತ್ತು ಡಿಎ ಸೇರಿ ಬರೀ 13,000 ಅಂತ ಇಟ್ಟುಕೊಂಡರೂ ವರ್ಷಕ್ಕೆ 7,500 ಆಯಿತು. 24 ವರ್ಷಕ್ಕೆ 1,80,000 ರೂಪಾಯಿ. ಕಡಿಮೆ ಸಂಬಳದಲ್ಲೇ ಜೀವನ ತೆಗೆದವರಿಗೆ ಇದು ಸಣ್ಣ ಮೊತ್ತ ಅಲ್ಲ. ಸಾಮಾನ್ಯವಾಗಿ ಐದು ವರ್ಷದ ಸೇವೆ ಆಗಿರಬೇಕು. ನೌಕರರು ತೀರಿಕೊಂಡರೆ ಆ ಐದು ವರ್ಷದ ಷರತ್ತೂ ಇಲ್ಲ, ಮನೆಯವರಿಗೆ ಸಿಗಬೇಕು. ರಾಜೀನಾಮೆ ಕೊಟ್ಟು ಹೋದವರಿಗೂ ಉಂಟು. ಇದು ತುಂಬಾ ಜನರಿಗೆ ಗೊತ್ತೇ ಇಲ್ಲ.

ತಪ್ಪಿಸುವ ದಾರಿಗಳೂ ಇವೆ. ಏಪ್ರಿಲ್‌ನಲ್ಲಿ ಬಿಡಿಸಿದ ಹಾಗೆ ಬರೆದು ಜೂನ್‌ನಲ್ಲಿ ಹೊಸ ಆರ್ಡರ್ ಕೊಡುವುದು ಒಂದು. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಆಗಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ ಅಂತಲೇ ಕಾನೂನು ಎಣಿಸುತ್ತದೆ. ಇನ್ನೊಂದು, "ನನಗೆ ಬರಬೇಕಾದ್ದೆಲ್ಲ ಬಂದಿದೆ" ಅಂತ ಟೈಪ್ ಮಾಡಿದ ಹಾಳೆಗೆ ಸಹಿ ಹಾಕಿಸುವುದು. ಸರ್ವಿಸ್ ಸರ್ಟಿಫಿಕೇಟ್ ಬೇಕಲ್ಲ ಅಂತ ಪಾಪ, ಅವರು ಹಾಕಿಯೂ ಬಿಡುತ್ತಾರೆ. ಕಾನೂನು ಕೊಟ್ಟ ಗ್ರಾಚ್ಯುಟಿ ಇಂಥ ಒಂದು ಹಾಳೆಯಿಂದ ಹೋಗಿಬಿಡುವುದಿಲ್ಲ. ಆದರೂ ಓದದೆ ಸಹಿ ಹಾಕಬೇಡಿ.

ಬೇಸಿಕ್ ಕಡಿಮೆ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆಗೆ ತುಂಬುವುದು ಮೂರನೆಯದು. 2025ರ ನವೆಂಬರ್ 21ರಿಂದ, ಗ್ರಾಚ್ಯುಟಿಯದ್ದೂ ಸೇರಿ ಹಳೇ ಕಾರ್ಮಿಕ ಕಾಯ್ದೆಗಳ ಜಾಗಕ್ಕೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಇದಕ್ಕೆ ಕಡಿವಾಣ ಇದೆ. ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ, ಹೆಚ್ಚಾದದ್ದು ವೇತನದ ಲೆಕ್ಕಕ್ಕೇ ಸೇರುತ್ತದೆ. ನಿಗದಿತ ಅವಧಿಯ ಗುತ್ತಿಗೆಯಲ್ಲಿ ಇರುವವರಿಗೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಅಂತಲೂ ಇದೆ.

ನಾನು ಶಾಲೆಗಳ ಕಷ್ಟ ತಿಳಿಯದೆ ಬರೆಯುತ್ತಿಲ್ಲ. ಊರವರು ಸೇರಿ ಕಟ್ಟಿದ, ಕಡಿಮೆ ಫೀಸಿನ ಸಣ್ಣ ಶಾಲೆಗಳು ಇಲ್ಲಿ ಬಹಳ. ಒಂದೇ ವರ್ಷ ನಾಲ್ಕು ಜನ ನಿವೃತ್ತರಾದರೆ ಹಣ ಎಲ್ಲಿಂದ ತರುವುದು ಅನ್ನುವ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ದಾರಿ ಇದೆ. ಎಲ್ಐಸಿಯಂಥವರ ಗ್ರೂಪ್ ಗ್ರಾಚ್ಯುಟಿ ಯೋಜನೆಗೆ ವರ್ಷ ವರ್ಷ ಸ್ವಲ್ಪ ಸ್ವಲ್ಪ ಕಟ್ಟುತ್ತಾ ಹೋದರೆ ಕೊನೆಗೆ ಭಾರ ಆಗುವುದಿಲ್ಲ. ಗ್ರಾಚ್ಯುಟಿಗೆ ವಿಮೆ ಕಡ್ಡಾಯ ಅಂತ ಕರ್ನಾಟಕ ಸರ್ಕಾರ 2024ರಲ್ಲೇ ನಿಯಮ ತಂದಿತ್ತು. ಪಿಗ್ಮಿ ಕಟ್ಟಿ ಬೆಳೆದ ಊರು ನಮ್ಮದು. ಇದು ನಮಗೆ ಯಾರೂ ಹೇಳಿಕೊಡಬೇಕಾದ ವಿಷಯ ಅಲ್ಲ.

ಶಾಲೆ ಒಂದೇ ಅಲ್ಲ. ಮಂಗಳೂರಿನ ಹಂಪನಕಟ್ಟೆಯ ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ನಿಂತು ಸೀರೆ ಬಿಡಿಸಿ ತೋರಿಸುವ ಹುಡುಗಿಯರು, ಹೋಟೆಲಿನವರು, ನರ್ಸ್‌ಗಳು, ಹತ್ತು ಜನ ಇರುವ ಕಡೆ ಕೆಲಸ ಮಾಡುವ ಎಲ್ಲರಿಗೂ ಇದೇ ಮಾತು. ಮನೆಯಲ್ಲಿ ಕೂತು ಬೀಡಿ ಕಟ್ಟುವವರಿಗೂ ಪಿಎಫ್ ಉಂಟು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ನಮ್ಮ ಬೀಡಿ ಕಟ್ಟುವ ಅಕ್ಕಂದಿರು ಸಂಘ ಕಟ್ಟಿ ಹಕ್ಕು ಕೇಳಿದವರು. ಡಿಗ್ರಿ, ಬಿ.ಎಡ್. ಮಾಡಿದವರು ಕೇಳಲು ಯಾಕೆ ನಾಚಿಕೆ ಪಡಬೇಕು?

ಟೀಚರ್‌ಗೆ ನಾನು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಅಪಾಯಿಂಟ್‌ಮೆಂಟ್ ಆರ್ಡರ್, ಸಂಬಳದ ಚೀಟಿ, ಬ್ಯಾಂಕ್ ಪಾಸ್‌ಬುಕ್, ಪಿಎಫ್ ದಾಖಲೆ, ಸಿಕ್ಕಿದ್ದೆಲ್ಲ ಒಂದು ಫೈಲಿಗೆ ಹಾಕಿ. ಆರ್ಡರ್ ಕೊಡದಿದ್ದರೆ ಪಾಸ್‌ಬುಕ್ಕೇ ಸಾಕ್ಷಿ ಹೇಳುತ್ತದೆ. ಸಂಸ್ಥೆಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ. ಸೀಲ್ ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಹಣ ಸಲ್ಲಬೇಕಾದ ದಿನದಿಂದ 30 ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರಿಸಿ. ಕೊಡದಿದ್ದರೆ ಕಾರ್ಮಿಕ ಇಲಾಖೆಗೆ ಹೋಗಿ. ನಿವೃತ್ತರಾಗಿ ಸ್ವಲ್ಪ ಕಾಲ ಆಗಿದ್ದರೂ ಸುಮ್ನೆ ಬಿಡಬೇಡಿ. ತಡಕ್ಕೆ ಸರಿಯಾದ ಕಾರಣ ಇದ್ದರೆ ಅರ್ಜಿ ತೆಗೆದುಕೊಳ್ಳುತ್ತಾರೆ.

ಶಾಲೆಗಳ ಆಡಳಿತ ಮಂಡಳಿಯಲ್ಲಿ ಇರುವವರು ನನ್ನ ಫ್ರೆಂಡ್ ಲಿಸ್ಟ್‌ನಲ್ಲೂ ಇದ್ದೀರಿ. ಮುಂದಿನ ಮೀಟಿಂಗ್‌ನಲ್ಲಿ ಗ್ರಾಚ್ಯುಟಿ ವಿಷಯ ದಯವಿಟ್ಟು ಎತ್ತಿ. ಈಗಾಗಲೇ ನಿವೃತ್ತರಾದವರ ಪಟ್ಟಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.