ಗಾಜಿನ ಮೇಲಿನ ಕಾಗುಣಿತ

ಕಳೆದ ಏಪ್ರಿಲ್‌ನ ಒಂದು ಸೋಮವಾರ ಬೆಳಿಗ್ಗೆ ಹಾಲು ತರಲು ಹೊರಟವನು ನನ್ನ ಕಾರಿನ ಹಿಂದೆ ನಿಂತುಬಿಟ್ಟೆ. ಹಿಂದಿನ ಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ಬರೆದಿದ್ದರು. ಮೊದಲನೆಯದು ತೊ. ಆಮೇಲೆ ಲ. ಕೊನೆಯಲ್ಲಿ ರಿ. ನಡುವೆ ಏನಿತ್ತೋ ಗೊತ್ತಾಗುವ ಹಾಗಿರಲಿಲ್ಲ. ಅಲ್ಲಿ ಕಾಗೆಯೊಂದು ತನ್ನ ಅಭಿಪ್ರಾಯ ಹಾಕಿ ಹೋಗಿತ್ತು. ಲ ಅಕ್ಷರದ ತಲೆಯ ಮೇಲೂ ಅದರ ಪಾಲು ಬಿದ್ದಿದ್ದರಿಂದ ಅದಕ್ಕಿದ್ದದ್ದು ತಲೆಕಟ್ಟೋ ಗುಡಿಸೋ ಹೇಳುವಂತಿರಲಿಲ್ಲ.

ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ನಾನು. ಕಾರು ಕೊಳೆಯಾಗಿದೆ ಅಂತ ಯಾರಾದರೂ ಹೇಳಿದರೆ ನನಗೆ ನಾಚಿಕೆಯಾಗುವುದಿಲ್ಲ. ಲ ಬರೆದ ಕಡೆ ಳ ಇರಬೇಕಿತ್ತು ಅನ್ನಿಸಿದರೆ ಮಾತ್ರ ಹಾಲು ಮರೆತುಹೋಗುತ್ತದೆ.

ಮನೆಗೆ ಬಂದು ನನ್ನಾಕೆಗೆ ಹೇಳಿದೆ. ಅವಳು ಕಾಫಿಗೆ ಹಾಲಿಲ್ಲದ ಸಿಟ್ಟಿನಲ್ಲೇ ಹೊರಗೆ ಬಂದು ನೋಡಿದಳು. "ತೊಳೀರಿ ಅಂತ ರೀ. ಯಾರೋ ಲ-ಳ ಗೊತ್ತಿಲ್ಲದವರು ಬರೆದಿದ್ದಾರೆ," ಅಂದಳು. ಗೇಟಿನ ತನಕ ಹೋದವಳು ತಿರುಗಿ ನಿಂತಳು. "ಅಥವಾ ತೊಲಗಿರಿ ಅಂತಲೇ ಇರಬಹುದು. ನೀವು ನಿಲ್ಲಿಸೋದು ಎದುರುಮನೆಯವರ ಕಾಂಪೌಂಡಿಗೆ ತಾನೇ?"

ನನಗೆ ಇದು ಹೊಳೆದೇ ಇರಲಿಲ್ಲ. ತೊಳೀರಿ ಅಂದಿದ್ದರೆ ಬರೆದವನಿಗೆ ಕಾಗುಣಿತ ಬರುವುದಿಲ್ಲ, ಆದರೆ ಮನಸ್ಸು ಒಳ್ಳೆಯದು. ತೊಲಗಿರಿ ಅಂದಿದ್ದರೆ ಕಾಗುಣಿತ ಸರಿಯಾಗಿದೆ, ಮನಸ್ಸು ಸರಿಯಿಲ್ಲ. ಯಾವುದನ್ನು ಬಯಸಬೇಕು ಅಂತ ನನಗೆ ಈಗಲೂ ಗೊತ್ತಾಗಿಲ್ಲ.

ಕಾರು ಯಾಕೆ ಆ ಸ್ಥಿತಿಗೆ ಬಂತು ಅನ್ನುವುದನ್ನೂ ಹೇಳಬೇಕು. ನಿಲ್ಲಿಸುವುದು ಹೊಂಗೆ ಮರದ ಕೆಳಗೆ. ಬೆಂಗಳೂರಿನಲ್ಲಿ ನೆರಳಿಗೆ ಆಸೆಪಟ್ಟವರೆಲ್ಲ ಏಪ್ರಿಲ್‌ನಲ್ಲಿ ಅದರ ಬಾಡಿಗೆ ಕಟ್ಟುತ್ತಾರೆ. ರಾತ್ರಿಯಿಡೀ ಹೂವು ಪುರಿಯ ಹಾಗೆ ಸುರಿಯುತ್ತದೆ. ಬೆಳಿಗ್ಗೆ ನೋಡಲು ಚೆಂದ. ಎರಡು ದಿನ ಬಿಟ್ಟರೆ ಕಂದಾಗಿ, ಇಬ್ಬನಿಗೆ ನೆನೆದು, ವೈಪರ್ ಸಂದಿಯಲ್ಲಿ ಗೊಬ್ಬರವಾಗುತ್ತದೆ. ಪಕ್ಕದಲ್ಲೇ ಬಾದಾಮಿ ಮರ. ಅಲ್ಲಿಗೆ ರಾತ್ರಿ ಊಟಕ್ಕೆ ಬರುವ ಬಾವಲಿಗಳು ಎಲೆ ಹಾಸಿಕೊಳ್ಳುವುದು ನನ್ನ ಬಾನೆಟ್ಟಿನ ಮೇಲೆ. ಇನ್ನು ಕಾರಿನ ಬಣ್ಣ ಕಡುನೀಲಿ. ಮಗಳು ಆರಿಸಿದ್ದು. ಅವಳು ಈಗ ಪುಣೆಯಲ್ಲಿದ್ದಾಳೆ, ಬಣ್ಣ ಇಲ್ಲಿದೆ.

ತಿಂಗಳಿಗೆ ಆರುನೂರು ರೂಪಾಯಿಗೆ ಒಬ್ಬ ಹುಡುಗ ಬರುತ್ತಿದ್ದ. ಬೆಳಿಗ್ಗೆ ಐದಕ್ಕೇ ಒಂದು ಬಕೆಟ್, ಒಂದು ಬಟ್ಟೆ ಹಿಡಿದು ನಮ್ಮ ರಸ್ತೆಯ ಹನ್ನೆರಡು ಕಾರು ಮುಗಿಸುತ್ತಿದ್ದ. ನನ್ನದು ಹನ್ನೊಂದನೆಯದು. ಅಷ್ಟರಲ್ಲಿ ಆ ನೀರು ಹತ್ತು ಕಾರುಗಳ ಚಕ್ರ ಕಂಡಿರುತ್ತಿತ್ತು. ಬಿಸಿಲಿನಲ್ಲಿ ನೋಡಿದರೆ ಬಾಗಿಲ ಮೇಲೆ ಜೇಡರ ಬಲೆಯಂಥ ಸಣ್ಣ ಸಣ್ಣ ಗೀರು. ಅದು ಬಟ್ಟೆಯಲ್ಲಿ ಸೇರಿಕೊಂಡ ಮರಳಿನ ಕೆಲಸ. ಹುಡುಗನನ್ನು ಬೈಯುವಂತಿಲ್ಲ, ಆ ದುಡ್ಡಿಗೆ ಅವನು ಕಾರಿಗೊಂದು ಬಕೆಟ್ ಹೊತ್ತು ತರಲು ಹುಚ್ಚನಲ್ಲ. ಬಿಡಿಸಿದೆ. ಗೀರಿಗಾಗಿ ಅಂತ ಎಲ್ಲರಿಗೂ ಹೇಳಿದೆ. ಆರುನೂರಕ್ಕಾಗಿ ಅಂತ ನನ್ನಾಕೆಗೆ ಗೊತ್ತು.

ವಾಟರ್ ಸರ್ವಿಸ್ ಅಂತ ಬೋರ್ಡು ಹಾಕಿದ ಕಡೆ ಹೋದರೆ ಐನೂರು. ಒಳಗೆಲ್ಲ ಧೂಳು ಎಳೆದು, ಟೈರಿಗೆ ಹೊಳಪು ಬಳಿದು, ಕೊನೆಯಲ್ಲಿ ನಾವು ಕೇಳದ ಮಲ್ಲಿಗೆ ಸೆಂಟು ಹೊಡೆದು ಕೊಡುತ್ತಾರೆ. ಆಮೇಲೆ ಹದಿನೈದು ದಿನ ಕಾರು ಮದುವೆ ಛತ್ರದ ಹಾಗೆ ನಾರುತ್ತದೆ.

ಹೀಗಾಗಿ ನಾನೇ ತೊಳೆಯುವುದು ಅಂತಾಯಿತು. ಅಲ್ಲಿ ಅಡ್ಡ ಬಂದದ್ದು ನೀರು. 2024ರ ಮಾರ್ಚ್‌ನಲ್ಲಿ, ಬೋರ್‌ವೆಲ್‌ಗಳೆಲ್ಲ ಕೈಕೊಟ್ಟಾಗ, ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು. ಮತ್ತೆ ಸಿಕ್ಕಿಬಿದ್ದರೆ ದಿನಕ್ಕೆ 500 ಬೇರೆ. 2025ರ ಫೆಬ್ರವರಿಯಲ್ಲಿ ಅದನ್ನೇ ಮತ್ತೆ ಹೇಳಿತು. ನ್ಯಾಯವೇ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು, ಸುಮಾರು 500 ಮೀಟರ್ ಮೇಲಕ್ಕೆ ಹತ್ತಬೇಕು. ಅಷ್ಟು ಕಷ್ಟಪಟ್ಟು ಬಂದ ನೀರನ್ನು ಬಾವಲಿಯ ಎಂಜಲಿಗೆ ಸುರಿಯುವುದು ಸರಿಯಲ್ಲ.

ಎದುರುಮನೆಯವರಿಗೆ ಇದು ಗೊತ್ತಿಲ್ಲವೋ, ಗೊತ್ತಿದ್ದೂ ಇಲ್ಲವೋ. ಪ್ರತಿ ಭಾನುವಾರ ಪೈಪು ಹಿಡಿದು ತಮ್ಮ ಬಿಳಿ ಕಾರಿಗೆ ಮಹಾಮಜ್ಜನ ಮಾಡಿಸುತ್ತಾರೆ. ಪೈಪಿನ ಬಾಯಿಗೆ ಹೆಬ್ಬೆರಳು ಅಡ್ಡ ಹಿಡಿದು ಕಾಮನಬಿಲ್ಲು ಬರಿಸುತ್ತಾರೆ. ನೀರು ಇಳಿಜಾರಿಗೆ ಹರಿದು ನಮ್ಮ ಗೇಟಿನ ಮುಂದೆ ನಿಲ್ಲುತ್ತದೆ, ಅದರಲ್ಲಿ ಕಾಲಿಟ್ಟು ನಾನು ಪೇಪರ್ ಎತ್ತಿಕೊಳ್ಳಬೇಕು. ನಾನು ಬಕೆಟ್ ಹಿಡಿದು ಹೊರಬಂದರೆ "ಏನ್ ಸಾರ್, ಅಷ್ಟರಲ್ಲೇ ಆಗುತ್ತಾ?" ಅಂತ ಬೇರೆ ಕೇಳುತ್ತಾರೆ. ಆಗುತ್ತೆ ಸ್ವಾಮಿ. ಮೇಲಿನಿಂದ ಕೆಳಕ್ಕೆ ಒರೆಸಿಕೊಂಡು ಬಂದು, ಚಕ್ರಕ್ಕೆ ಬೇರೆ ಬಟ್ಟೆ ಇಟ್ಟುಕೊಂಡರೆ ಎರಡು ಬಕೆಟ್ಟಿನಲ್ಲಿ ಆಗುತ್ತೆ. ಗಾಜಿಗೆ ಹಳೆ ಪೇಪರ್, ಉಳಿದದ್ದಕ್ಕೆ ಹಳೆ ಬನಿಯನ್.

ಆ ಎರಡು ಬಕೆಟ್ ಎಲ್ಲಿಂದ ಅಂತೀರಾ? ಅಕ್ಕಿ ತೊಳೆದ ನೀರು ಕೇಳಿದೆ, ಅದು ಕರಿಬೇವಿನ ಗಿಡಕ್ಕೆ ಅಂತ ಮೊದಲೇ ಮೀಸಲಾಗಿತ್ತು. ಆಮೇಲೆ ಅಡುಗೆಮನೆಯ ಆರ್‌ಓ ಮೆಷಿನ್ನು ಹೊರಗೆ ಬಿಡುವ ನೀರನ್ನು ಬಕೆಟ್ಟಿಗೆ ಹಿಡಿಯತೊಡಗಿದೆ. ಖರ್ಚಿಲ್ಲ, ದಂಡವಿಲ್ಲ. ನಾಲ್ಕು ಜನರ ಹತ್ತಿರ ಹೇಳಿಕೊಂಡೆ ಕೂಡ. ಆದರೆ ನಾವು ಕುಡಿಯಬಾರದು ಅಂತ ಮೆಷಿನ್ನು ತೆಗೆದುಹಾಕಿದ ಉಪ್ಪೆಲ್ಲ ಅದೇ ನೀರಿನಲ್ಲಿರುತ್ತದೆ ಅಲ್ವಾ? ತೊಳೆದ ಕಾರು ಬಿಸಿಲಿಗೆ ಒಣಗಿದ ಮೇಲೆ ಮೈತುಂಬ ಬಿಳಿ ಚುಕ್ಕೆ. ಕಡುನೀಲಿಯ ಮೇಲೆ ನಕ್ಷತ್ರಮಂಡಲ. ತೊಳೆಯದೆ ಇದ್ದಾಗಲೇ ಚೆನ್ನಾಗಿತ್ತು ಅಂತ ಹಾಲಿನವನೂ ಹೇಳಿದ. ಅಂದಿನಿಂದ ನಾನು ತೊಳೆದಿರಲಿಲ್ಲ. ಧೂಳು ಕೂತಿತು, ಯಾರೋ ಬರೆದರು.

ಮತ್ತೆ ಅಲ್ಲಿಗೇ ಬಂದೆ. ಸ್ಕೇಲ್ ತಂದು ಅಳೆದೆ. ತೊ ಅಕ್ಷರ ಎರಡಿಂಚು ಅಗಲ, ರಿ ಎರಡು. ಲ ಮತ್ತು ರಿ ನಡುವೆ ಕಾಗೆಯದು ಒಂದೂವರೆ ಇಂಚು. ಅಷ್ಟರಲ್ಲಿ ಇಕ್ಕಟ್ಟಾಗಿ ಒಂದು ಗಿ ಕೂರಬಹುದು. ಗುಡಿಸಿನ ದೀರ್ಘವೂ ಕೂರಬಹುದು, ಬರೆದವನು ಕೈ ಬೀಸಿ ಬರೆಯುವವನಾಗಿದ್ದರೆ. ತೊ ನೋಡಿದರೆ ಕೈ ಬೀಸುವವನೇ. ಓದು ಬಿಟ್ಟು ಬಹಳ ವರ್ಷವಾದವರ ಬರಹ, ಮಕ್ಕಳದ್ದಲ್ಲ. ಬೆರಳೂ ದಪ್ಪ. ನಾನು ಮನಸ್ಸಿನಲ್ಲೇ ರಸ್ತೆಯವರ ಬೆರಳುಗಳನ್ನೆಲ್ಲ ನೆನೆಸಿಕೊಂಡೆ. ಪೈಪಿಗೆ ಅಡ್ಡ ಹಿಡಿಯುವ ಆ ಹೆಬ್ಬೆರಳೇ ಮತ್ತೆ ಮತ್ತೆ ಕಣ್ಣಿಗೆ ಬಂತು.

ಕಾಗೆಯದನ್ನು ಒರೆಸಿದರೆ ಗೊತ್ತಾಗುತ್ತಿತ್ತೇನೋ. ಆದರೆ ಒರೆಸಿದರೆ ಅಕ್ಷರವೂ ಹೋಗುತ್ತದೆ. ಅದನ್ನು ಜಾಸ್ತಿ ದಿನ ಬಿಟ್ಟರೆ ಬಣ್ಣ ತಿನ್ನುತ್ತದೆ, ನೆನೆಸಿ ಮೆತ್ತಗೆ ತೆಗೆಯಬೇಕು ಅನ್ನುವುದೆಲ್ಲ ನನಗೂ ಗೊತ್ತು. ಇದು ಗಾಜು, ಏನಾಗುವುದಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಶನಿವಾರದ ತನಕ ಹಾಗೇ ಓಡಾಡಿದೆ. ಕನ್ನಡಿಯಲ್ಲಿ ಹಿಂದೆ ನೋಡಿದಾಗಲೆಲ್ಲ ರಿ, ಲ, ತೊ ಅಂತ ಕಾಣುತ್ತಿತ್ತಾ, ಸರಿಯಾಗೇ ಕಾಣುತ್ತಿತ್ತಾ ಅಂತ ಲೆಕ್ಕ ಹಾಕಲು ಹೋಗಿ ಒಂದು ಸಿಗ್ನಲ್ಲಿನಲ್ಲಿ ಹಿಂದಿನವರಿಂದ ಹಾರ್ನ್ ಹೊಡೆಸಿಕೊಂಡೆ. ಗಾಜಿನ ಒಳಗಿನಿಂದ ಅಕ್ಷರ ಉಲ್ಟಾ, ಕನ್ನಡಿ ಅದನ್ನು ಮತ್ತೆ ಉಲ್ಟಾ ಮಾಡುತ್ತದೆ, ಹಾಗಾಗಿ ಸರಿಯಾಗೇ ಕಾಣುತ್ತದೆ. ನೀವು ಲೆಕ್ಕ ಹಾಕಲು ಹೋಗಬೇಡಿ.

ಮಾರನೇ ದಿನ ಭಾನುವಾರ. ಒಂಬತ್ತಕ್ಕೆ ಹೊರಗೆ ಬಂದರೆ ನನ್ನ ಕಾರು ಥಳಥಳ ಹೊಳೆಯುತ್ತಿದೆ. ಎದುರುಮನೆಯವರು ಪೈಪು ಸುತ್ತುತ್ತಿದ್ದರು. "ನಿಮ್ದೂ ಒಂಚೂರು ಹೊಡೆದೆ ಸಾರ್. ಹೇಗೂ ಪೈಪ್ ಹಿಡ್ಕೊಂಡಿದ್ನಲ್ಲ." ಹಿಂದಿನ ಗಾಜಿನಲ್ಲಿ ಹೊಂಗೆ ಮರ ಎಲೆ ಎಲೆಯಾಗಿ ಕಾಣುತ್ತಿತ್ತು.

ಏನು ಹೇಳಲಿ? ಥ್ಯಾಂಕ್ಸ್ ಹೇಳಿದೆ. ಒಳಗೊಳಗೆ 5000 ರೂಪಾಯಿ ಯಾರ ಹೆಸರಿಗೆ ಬರುತ್ತದೆ ಅಂತ ಯೋಚಿಸಿದೆ, ಕಾರಿನ ಯಜಮಾನನಿಗೋ ಪೈಪಿನ ಯಜಮಾನನಿಗೋ. ಇದು ಒಳ್ಳೆಯತನವೋ, ಸಾಕ್ಷಿ ನಾಶವೋ? ಆಗ ಒಂದು ಉಪಾಯ ಹೊಳೆಯಿತು.

"ಎಷ್ಟು ಚೆನ್ನಾಗಿ ಮಾಡ್ತೀರಿ ಸಾರ್. ಶಾಂಪೂ ಎಷ್ಟು, ನೀರು ಎಷ್ಟು, ಯಾವುದು ಮೊದಲು, ಎಲ್ಲ ಒಂದು ಚೀಟಿಯಲ್ಲಿ ಬರೆದುಕೊಡಿ. ಕನ್ನಡದಲ್ಲೇ ಕೊಡಿ."

ಅವರ ಮುಖ ಅರಳಿತು. ಅದಕ್ಕೇನಂತೆ ಸಾರ್, ಸಂಜೆಯೊಳಗೆ ಕೊಡ್ತೀನಿ ಅಂದರು. ನಾನು ಇಡೀ ಮಧ್ಯಾಹ್ನ ಆ ಚೀಟಿಗೆ ಕಾದೆ. ತೊಳೆಯುವ ವಿಧಾನ ಬರೆಯುವವನು ತೊಳೆ ಅನ್ನುವುದನ್ನು ಬರೆಯದೆ ಹೇಗಿರುತ್ತಾನೆ?

ಸಂಜೆ ಆರೂವರೆಗೆ ಮೊಬೈಲ್ ಟಿಂಗ್ ಅಂತು. ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜು, ನಾಲ್ಕು ನಿಮಿಷದ್ದು. ಎರಡು ಸಲ ಕೇಳಿದೆ. ಮೂರನೇ ಸಲ ನನ್ನಾಕೆಯನ್ನೂ ಕೂರಿಸಿಕೊಂಡು ಕೇಳಿದೆ. ಮೊದಲಿಂದ ಕೊನೆಯವರೆಗೆ ಪುಣ್ಯಾತ್ಮ "ವಾಶ್ ಮಾಡಿ, ವಾಶ್ ಮಾಡಿ" ಅಂತಲೇ ಹೇಳಿದ್ದರು.